ನಿನ್ನ ಟೀಮ್ ಯಾವುದು, ನಿನ್ನ ಬ್ಯಾಂಡ್ ಯಾವುದು?

1980ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಬ್ಯಾಂಡಿಗೆ ಟಿವಿಯಿಂದ ಕರೆ ಬಂತು. ಬ್ಯಾಂಡಿನ ಹೆಸರು ಹಾಫ್ ಮ್ಯಾನ್ ಹಾಫ್ ಬಿಸ್ಕಿಟ್. ಊರು ಬರ್ಕನ್‌ಹೆಡ್, ಅಂದರೆ ಲಿವರ್‌ಪೂಲಿನಿಂದ ಮರ್ಸಿ ನದಿಯ ಆಚೆ ದಡ. ಕರೆದಿದ್ದು 'ದಿ ಟ್ಯೂಬ್' ಅನ್ನೋ ಕಾರ್ಯಕ್ರಮದವರು. ಆಗಿನ ಹುಡುಗ ಹುಡುಗಿಯರು ಶುಕ್ರವಾರ ಸಂಜೆ ಕಾದು ಕೂತು ನೋಡುತ್ತಿದ್ದ ಕಾರ್ಯಕ್ರಮ ಅದು. ಅಲ್ಲಿ ಒಂದು ಸಲ ಹಾಡಿದರೆ ಇಡೀ ದೇಶಕ್ಕೆ ಗೊತ್ತಾಗಬಹುದಿತ್ತು. ಬ್ಯಾಂಡಿನವರು ಆಗಲ್ಲ ಅಂದುಬಿಟ್ಟರು. ಅದೇ ಸಂಜೆ ಅವರ ಫುಟ್‌ಬಾಲ್ ಟೀಮ್ ಟ್ರಾನ್‌ಮಿಯರ್ ರೋವರ್ಸ್ ಮ್ಯಾಚ್ ಇತ್ತು. ಹೆಲಿಕಾಪ್ಟರಿನಲ್ಲಿ ಮೈದಾನಕ್ಕೆ ತಲುಪಿಸುತ್ತೇವೆ ಅಂದರೂ ಒಪ್ಪಲಿಲ್ಲ.

ಟ್ರಾನ್‌ಮಿಯರ್ ಆಗ ನಾಲ್ಕನೇ ಡಿವಿಷನ್ನಿನ, ಅಂದರೆ ಲೀಗಿನ ಅತಿ ಕೆಳಗಿನ ಹಂತದ ಟೀಮ್. ಅದು ಶುಕ್ರವಾರ ರಾತ್ರಿ ಆಡುತ್ತಿದ್ದುದಕ್ಕೂ ಕಾರಣ ಇದೆ. ಶನಿವಾರ ನದಿಯ ಆಚೆ ಲಿವರ್‌ಪೂಲ್ ಅಥವಾ ಎವರ್ಟನ್ ಮ್ಯಾಚ್ ಇರುತ್ತಿತ್ತು. ಬರ್ಕನ್‌ಹೆಡ್‌ನ ಅರ್ಧ ಜನ ಫೆರಿಯಲ್ಲೋ ರೈಲಿನಲ್ಲೋ ಆ ಕಡೆ ಹೋಗುತ್ತಿದ್ದರು. ಹಾಗಾಗಿ ದೊಡ್ಡವರು ಆಡದ ದಿನ ನೋಡಿಕೊಂಡು ಟ್ರಾನ್‌ಮಿಯರ್ ಆಡುತ್ತಿತ್ತು. ದೊಡ್ಡ ಪಕ್ಕದ ಊರಿನ ನೆರಳಲ್ಲಿ ಬದುಕುವ ಒಂದು ಟೀಮ್. ಅದನ್ನು ಬಿಟ್ಟು ಹೋಗಲಾರದ ಒಂದು ಬ್ಯಾಂಡ್. ಈ ಕಥೆಯನ್ನು ನನಗೆ ಮೊದಲು ಹೇಳಿದವನು ಬರ್ಕನ್‌ಹೆಡ್‌ನವನೇ. ಕಪ್ ಗೆದ್ದಷ್ಟು ಹೆಮ್ಮೆಯಿಂದ ಹೇಳಿದ್ದ.

ಆಗ ನಾನು ಮ್ಯಾಂಚೆಸ್ಟರಿನಲ್ಲಿ ಕೆಲಸದಲ್ಲಿದ್ದೆ. ನಮ್ಮ ಊಟದ ಮೇಜಿನಲ್ಲಿ ಉತ್ತರ ಇಂಗ್ಲೆಂಡಿನ ಬೇರೆ ಬೇರೆ ಊರಿನವರು ಸೇರುತ್ತಿದ್ದರು. ಮಿಡ್‌ಲ್ಯಾಂಡ್ಸ್ ಕಡೆಯವರೂ ಇದ್ದರು. ಸೋಮವಾರದ ಮಾತು ಫುಟ್‌ಬಾಲಿನಿಂದ ಶುರುವಾಗುತ್ತಿತ್ತು. ಹತ್ತು ನಿಮಿಷ ಕಳೆಯುವುದರೊಳಗೆ ಬ್ಯಾಂಡುಗಳ ಮೇಲೆ ಬಂದು ನಿಲ್ಲುತ್ತಿತ್ತು. ಇದು ಯಾಕೆ ಹೀಗೆ ಅಂತ ನನಗೆ ಬಹಳ ದಿನ ಅರ್ಥವಾಗಲಿಲ್ಲ. ಆಮೇಲೆ ಒಂದು ವಿಷಯ ಗಮನಿಸಿದೆ. ಮೈದಾನದಲ್ಲಿ ಸೋತವರೇ ಮಾತನ್ನು ಹಾಡಿನ ಕಡೆ ತಿರುಗಿಸುತ್ತಿದ್ದರು.

ಶೆಫೀಲ್ಡ್ ವೆನ್ಸ್‌ಡೇ ಅಭಿಮಾನಿಯೊಬ್ಬ ಇದ್ದ. ಅವನ ಕ್ಲಬ್ಬು ಕೊನೆಯ ಸಲ ಲೀಗ್ ಗೆದ್ದದ್ದು 1930ರಲ್ಲಿ. ಕೊನೆಯ ದೊಡ್ಡ ಕಪ್ 1991ರ ಲೀಗ್ ಕಪ್. ಕಪ್ಪುಗಳ ಲೆಕ್ಕಕ್ಕೆ ಕೂತರೆ ಅವನಿಗೆ ಉಳಿಗಾಲ ಇಲ್ಲ. ಆದರೆ ಪಲ್ಪ್, ಹ್ಯೂಮನ್ ಲೀಗ್, ಡೆಫ್ ಲೆಪರ್ಡ್, ಆರ್ಕ್ಟಿಕ್ ಮಂಕೀಸ್ ಎಲ್ಲ ಶೆಫೀಲ್ಡಿನವು. ಆರ್ಕ್ಟಿಕ್ ಮಂಕೀಸ್‌ನ ಅಲೆಕ್ಸ್ ಟರ್ನರ್ ಅಂತೂ ವೆನ್ಸ್‌ಡೇ ಅಭಿಮಾನಿ. "ನಿಮ್ಮೂರಲ್ಲಿ ಇಂಥ ಒಬ್ಬನನ್ನ ತೋರಿಸಿ ನೋಡೋಣ" ಅಂತ ಅವನು ಮೇಜು ತಟ್ಟಿದರೆ ಲೀಡ್ಸ್‌ನ ಹುಡುಗಿ ಸುಮ್ಮನಾಗುತ್ತಿದ್ದಳು. ಡೆಫ್ ಲೆಪರ್ಡ್‌ನ ಜೋ ಎಲಿಯಟ್ ಮಾತ್ರ ಎದುರಾಳಿ ಟೀಮ್ ಶೆಫೀಲ್ಡ್ ಯುನೈಟೆಡ್ ಕಡೆಯವರು. ಆ ಹೆಸರು ಬಂದಾಗ ಅವನು ಬೇಗ ಮಾತು ಬದಲಿಸುತ್ತಿದ್ದ.

ಈ ಪೈಪೋಟಿ ಎಷ್ಟು ಆಳ ಇರಬಹುದು ಅನ್ನೋದಕ್ಕೆ ನನ್ನ ಮಟ್ಟಿಗೆ 1996ಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಒಯಾಸಿಸ್ ಬ್ಯಾಂಡಿನ ನೋಯೆಲ್ ಮತ್ತು ಲಿಯಾಮ್ ಗ್ಯಾಲಗರ್ ಮ್ಯಾಂಚೆಸ್ಟರಿನ ಬರ್ನೇಜ್ ಬಡಾವಣೆಯಲ್ಲಿ ಬೆಳೆದವರು, ಮ್ಯಾಂಚೆಸ್ಟರ್ ಸಿಟಿ ಅಭಿಮಾನಿಗಳು. ಆಗ ಸಿಟಿ ಅಂಗಿಯ ಮೇಲೆ ಬ್ರದರ್ ಕಂಪನಿಯ ಹೆಸರು ಇರುತ್ತಿತ್ತು. ಅಣ್ಣತಮ್ಮ ಇಬ್ಬರೂ ಅದೇ ಅಂಗಿ ತೊಟ್ಟು ತೆಗೆಸಿಕೊಂಡ ಫೋಟೋ ಇವತ್ತಿಗೂ ಓಡಾಡುತ್ತದೆ. 1996ರ ಏಪ್ರಿಲ್ 27 ಮತ್ತು 28ರಂದು ಅವರು ಸಿಟಿಯ ಹಳೆಯ ಮೈದಾನ ಮೇನ್ ರೋಡಿನಲ್ಲಿ ಹಾಡಿದರು. ಜಗತ್ತಿನ ಅತಿ ದೊಡ್ಡ ಬ್ಯಾಂಡುಗಳಲ್ಲಿ ಒಂದು ತನ್ನ ಸ್ವಂತ ಟೀಮಿನ ಮೈದಾನದಲ್ಲಿ ನಿಂತಿತ್ತು. ಅದಾಗಿ ಒಂದು ವಾರಕ್ಕೆ, ಮೇ 5ರಂದು, ಅದೇ ಮೈದಾನದಲ್ಲಿ ಸಿಟಿ ಲಿವರ್‌ಪೂಲ್ ಜೊತೆ 2-2 ಡ್ರಾ ಮಾಡಿಕೊಂಡು, ದೇಶದ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗಿನಿಂದ ಕೆಳಗೆ ಬಿತ್ತು. ಆ ವರ್ಷ ಅದೇ ಊರಿನ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್ ಲೀಗನ್ನೂ ಗೆದ್ದಿತು, ಎಫ್‌ಎ ಕಪ್ಪನ್ನೂ ಗೆದ್ದಿತು. ಎರಡು ವರ್ಷದ ನಂತರ ಸಿಟಿ ಮೂರನೇ ಡಿವಿಷನ್ನಿಗೂ ಇಳಿಯಿತು.

ನಮ್ಮ ಮೇಜಿನ ಸಿಟಿ ಅಭಿಮಾನಿ ಆಗ ಶಾಲಾ ಹುಡುಗ. ತರಗತಿ ತುಂಬಾ ಯುನೈಟೆಡ್ ಹುಡುಗರು. "ಅವರ ಹತ್ತಿರ ಕಪ್ಪುಗಳಿದ್ದವು, ನಮ್ಮ ಹತ್ತಿರ ಒಯಾಸಿಸ್ ಇತ್ತು. ಅದೂ ಇಲ್ಲದಿದ್ದರೆ ಶಾಲೆಗೆ ಹೋಗೋಕೆ ಆಗುತ್ತಿರಲಿಲ್ಲ" ಅಂತ ಹೇಳಿದ್ದ. ಅವನ ಮುಖ ನೋಡಿದರೆ ಅದು ಉತ್ಪ್ರೇಕ್ಷೆ ಅನ್ನಿಸುತ್ತಿರಲಿಲ್ಲ. ಇವತ್ತು ಸಿಟಿಯ ದುಡ್ಡು, ಕಪ್ಪು ನೋಡಿ ಅದರ ಅಭಿಮಾನಿಗಳಾದವರಿಗೆ ಈ ಮಾತು ಬಹುಶಃ ಪೂರ್ತಿ ತಟ್ಟುವುದಿಲ್ಲ.

ಯುನೈಟೆಡ್‌ನವರ ಹತ್ತಿರವೂ ಬ್ಯಾಂಡುಗಳಿಗೆ ಕೊರತೆ ಇರಲಿಲ್ಲ. ಸ್ಟೋನ್ ರೋಸಸ್‌ನ ಇಯಾನ್ ಬ್ರೌನ್, ಮಾನಿ ಇಬ್ಬರೂ ಯುನೈಟೆಡ್. ಓಲ್ಡ್ ಟ್ರಾಫರ್ಡಿನಲ್ಲಿ ಆಟಗಾರರು ಮೈದಾನಕ್ಕೆ ಬರುವಾಗ ಅವರ ಹಾಡೇ ಕೇಳಿಸುತ್ತದೆ. ಜಾಯ್ ಡಿವಿಷನ್‌ನ ಮನಸ್ಸು ಹಿಂಡುವ ಒಂದು ಹಾಡನ್ನು ಯುನೈಟೆಡ್ ಅಭಿಮಾನಿಗಳು ರಯಾನ್ ಗಿಗ್ಸ್ ಹೆಸರು ಸೇರಿಸಿ ಹಾಡುತ್ತಿದ್ದರು. ಮುರಿದ ಪ್ರೀತಿಯ ಹಾಡು ಎದುರಾಳಿ ಡಿಫೆಂಡರ್‌ಗಳನ್ನು ಹೆದರಿಸುವ ಹಾಡಾಗಿಬಿಟ್ಟಿತು. ಸಾವಿರಾರು ಜನ ಒಟ್ಟಿಗೆ ಅದನ್ನು ಹಾಡುವಾಗ ಆ ರಾಗದ ಒಳಗಿನ ದುಃಖ ಪೂರ್ತಿ ಹೋಗಿರುವುದಿಲ್ಲ. ನನಗೆ ಅದೇ ಇಷ್ಟ.

ಈ ಜಗಳದಲ್ಲಿ ಊರಿನ ಗಡಿ ಎಲ್ಲಿ ಬರುತ್ತದೆ ಅಂತ ಕೇಳಬಹುದು. ಎಲ್ಲ ಕಡೆ ಬರುತ್ತದೆ. ಸಿಟಿಯವನ ಮೊದಲ ಬಾಣ ಯಾವಾಗಲೂ ಒಂದೇ: "ಓಲ್ಡ್ ಟ್ರಾಫರ್ಡ್ ಮ್ಯಾಂಚೆಸ್ಟರಿನಲ್ಲೇ ಇಲ್ಲ." ನಕ್ಷೆಯ ಪ್ರಕಾರ ಅವನು ಹೇಳುವುದು ಸರಿ. ಆ ಸ್ಟೇಡಿಯಂ ಇರುವುದು ಟ್ರಾಫರ್ಡ್ ಅನ್ನೋ ಬೇರೆ ಆಡಳಿತದ ವ್ಯಾಪ್ತಿಯಲ್ಲಿ. ಯುನೈಟೆಡ್‌ನವನು ಇದಕ್ಕೆ ಇತಿಹಾಸ ತೆಗೆಯುತ್ತಾನೆ. ಯುನೈಟೆಡ್ 1878ರಲ್ಲಿ ಹುಟ್ಟಿದ್ದು ಮ್ಯಾಂಚೆಸ್ಟರಿನ ನ್ಯೂಟನ್ ಹೀತ್‌ನಲ್ಲಿ, ರೈಲ್ವೆ ಕೆಲಸಗಾರರ ಟೀಮಾಗಿ. 1910ರಲ್ಲಿ ಓಲ್ಡ್ ಟ್ರಾಫರ್ಡಿಗೆ ಹೋಗುವ ಮುಂಚೆ ಆಡುತ್ತಿದ್ದ ಬ್ಯಾಂಕ್ ಸ್ಟ್ರೀಟ್ ಮೈದಾನ ಸಿಟಿಯ ಈಗಿನ ಸ್ಟೇಡಿಯಮ್ಮಿನ ಪಕ್ಕದಲ್ಲೇ ಇತ್ತು. "ನೀವು ಈಗ ಕೂತಿರೋದು ನಮ್ಮ ಹಳೇ ಅಂಗಳದಲ್ಲಿ" ಅನ್ನುತ್ತಾನೆ. ಇಷ್ಟು ಹೇಳಿದ ಯುನೈಟೆಡ್‌ನವನು ತಾನು ಮಾತ್ರ ಮ್ಯಾಂಚೆಸ್ಟರಿನವನಲ್ಲ. ಸಾಲ್ಫರ್ಡ್‌ನವನು. ಇರ್ವೆಲ್ ನದಿಯ ಆ ಕಡೆ ಸಾಲ್ಫರ್ಡ್, ಈ ಕಡೆ ಮ್ಯಾಂಚೆಸ್ಟರ್. ನಡೆದು ದಾಟುವಷ್ಟು ಹತ್ತಿರ. ಆದರೂ ಅವನನ್ನು ಮ್ಯಾಂಚೆಸ್ಟರಿನವನು ಅಂದರೆ ತಿದ್ದುತ್ತಿದ್ದ. ದಿ ಸ್ಮಿತ್ಸ್ ಬ್ಯಾಂಡಿನ ಆ ಪ್ರಸಿದ್ಧ ಫೋಟೋ ತೆಗೆದದ್ದು ಸಾಲ್ಫರ್ಡ್ ಲ್ಯಾಡ್ಸ್ ಕ್ಲಬ್ಬಿನ ಬಾಗಿಲಲ್ಲಿ, ಹ್ಯಾಪಿ ಮಂಡೇಸ್ ಸಾಲ್ಫರ್ಡ್ ಕಡೆಯವರು, ಎಲ್ಲವನ್ನೂ ಮ್ಯಾಂಚೆಸ್ಟರ್ ನುಂಗಿಕೊಂಡಿದೆ ಅನ್ನೋದು ಅವನ ದೂರು.

ವುಲ್ವರ್‌ಹ್ಯಾಂಪ್ಟನ್ನಿನವರೊಬ್ಬರು ಇದ್ದರು, ವಯಸ್ಸಿನಲ್ಲಿ ನಮಗಿಂತ ಹಿರಿಯರು. ಅವರನ್ನು ಯಾರಾದರೂ ಬ್ರಮ್ಮಿ, ಅಂದರೆ ಬರ್ಮಿಂಗ್‌ಹ್ಯಾಮಿನವರು ಅಂದರೆ ತಟ್ಟೆ ಪಕ್ಕಕ್ಕೆ ಸರಿಸಿ ಪಾಠ ಶುರುಮಾಡುತ್ತಿದ್ದರು. ಅವರದು ಬ್ಲ್ಯಾಕ್ ಕಂಟ್ರಿ. ಕಲ್ಲಿದ್ದಲು, ಕುಲುಮೆಗಳ ನಾಡು. ಮಾತೇ ಬೇರೆ, ಊಟವೇ ಬೇರೆ. ಲೆಡ್ ಜೆಪಲಿನ್‌ನ ರಾಬರ್ಟ್ ಪ್ಲಾಂಟ್ ಹುಟ್ಟಿದ್ದು ಬ್ಲ್ಯಾಕ್ ಕಂಟ್ರಿಯ ವೆಸ್ಟ್ ಬ್ರಾಮಿಚ್‌ನಲ್ಲಿ, ಆದರೆ ವುಲ್ವರ್‌ಹ್ಯಾಂಪ್ಟನ್ನಿನ ಟೀಮ್ ವುಲ್ವ್ಸ್ ಅಭಿಮಾನಿ, ಕ್ಲಬ್ಬಿನ ಗೌರವ ಉಪಾಧ್ಯಕ್ಷರೂ ಹೌದು. ಸ್ಲೇಡ್ ಬ್ಯಾಂಡ್ ಅವರ ಕಡೆಯದ್ದೇ. ಬ್ಲ್ಯಾಕ್ ಸಬ್ಬತ್ ಮಾತ್ರ ಬರ್ಮಿಂಗ್‌ಹ್ಯಾಮಿನ ಆಸ್ಟನ್ ಕಡೆಯದು, ಆ ವಿಷಯದಲ್ಲಿ ಅವರು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಿದ್ದರು. 2025ರ ಜುಲೈ 5ರಂದು ಬ್ಲ್ಯಾಕ್ ಸಬ್ಬತ್‌ನ ಮೂಲ ನಾಲ್ವರು ತಮ್ಮ ಕೊನೆಯ ಕಾರ್ಯಕ್ರಮ ಕೊಟ್ಟದ್ದು ಆಸ್ಟನ್ ವಿಲ್ಲಾದ ಮೈದಾನದಲ್ಲಿ. ಬ್ಯಾಂಡಿನ ಗಾಯಕ ಆಜಿ ಆಸ್ಬರ್ನ್ ಬೆಳೆದ ಮನೆ ಅಲ್ಲಿಂದ ಕೂಗಳತೆ ದೂರ. ಅದೇ ತಿಂಗಳ 22ರಂದು ಅವರು ತೀರಿಕೊಂಡರು. ಆ ಸುದ್ದಿ ಬಂದಾಗ ನಾನು ಆ ಹಿರಿಯರನ್ನೇ ನೆನೆದೆ. ವಿಲ್ಲಾ ಕಂಡರೆ ಆಗದ ಅವರು ಕೂಡ ಆವತ್ತು ಬೈದಿರಲಾರರು.

ಇಂಥ ಗಡಿಗಳಿಗೆ ಸರ್ಕಾರದ ಗೆರೆ ಸಾಕಾಗುವುದಿಲ್ಲ. 1974ರಲ್ಲಿ ಇಂಗ್ಲೆಂಡಿನ ಕೌಂಟಿಗಳ ಗಡಿ ಹೊಸದಾಗಿ ಎಳೆದರು. ಲ್ಯಾಂಕಾಷೈರಿನಲ್ಲಿದ್ದ ಲಿವರ್‌ಪೂಲ್ ಮರ್ಸಿಸೈಡ್ ಆಯಿತು. ಯಾರ್ಕ್‌ಷೈರಿನ ಸ್ಯಾಡಲ್‌ವರ್ತ್ ಗ್ರೇಟರ್ ಮ್ಯಾಂಚೆಸ್ಟರಿಗೆ ಸೇರಿತು. ಅಲ್ಲಿ ಇವತ್ತಿಗೂ ಯಾರ್ಕ್‌ಷೈರಿನ ಬಿಳಿ ಗುಲಾಬಿ ಬಾವುಟ ಕಟ್ಟುವ ಮನೆಗಳಿವೆ. ಲೀಡ್ಸ್, ಶೆಫೀಲ್ಡ್, ಬಾರ್ನ್ಸ್‌ಲಿ ಟೀಮುಗಳ ಅಭಿಮಾನಿಗಳು ಒಬ್ಬರನ್ನೊಬ್ಬರು ಸಹಿಸುವುದಿಲ್ಲ. ಆದರೆ ಪೆನೈನ್ ಬೆಟ್ಟಗಳನ್ನು ದಾಟಿ ಲ್ಯಾಂಕಾಷೈರ್ ಕಡೆ ಆಡಲು ಬಂದರೆ ಎಲ್ಲರೂ ಕೂಗುವುದು ಒಂದೇ ಹೆಸರು, ಯಾರ್ಕ್‌ಷೈರ್.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದರ ಇನ್ನೊಂದು ಬದಿ. ಇಷ್ಟು ಸಣ್ಣ ಸಣ್ಣ ಗಡಿ ಕಾಯುವ ಜನ ಆ ಗಡಿಯೊಳಗೆ ಜೋಪಾನ ಮಾಡಿಟ್ಟುಕೊಂಡ ಹಾಡುಗಳು ಎಲ್ಲೆಲ್ಲಿಂದಲೋ ಬಂದವು.

ಲಿವರ್‌ಪೂಲಿನ 'ಯು ವಿಲ್ ನೆವರ್ ವಾಕ್ ಅಲೋನ್' ತೆಗೆದುಕೊಳ್ಳಿ. ಅದು 1945ರ ಒಂದು ಅಮೆರಿಕನ್ ಸಂಗೀತ ನಾಟಕದ ಹಾಡು. ಲಿವರ್‌ಪೂಲಿನ ಗೆರಿ ಅಂಡ್ ದಿ ಪೇಸ್‌ಮೇಕರ್ಸ್ 1963ರಲ್ಲಿ ಹಾಡಿ ಹಿಟ್ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೆ ತಂದರು. ಆನ್‌ಫೀಲ್ಡ್ ಮೈದಾನದಲ್ಲಿ ಮ್ಯಾಚಿಗೆ ಮುಂಚೆ ಆ ವಾರದ ಹಿಟ್ ಹಾಡುಗಳನ್ನು ಹಾಕುತ್ತಿದ್ದರು. ಪಟ್ಟಿಯಿಂದ ಹಾಡು ಜಾರಿದ ಮೇಲೂ ಜನ ಅದನ್ನು ಬಿಡಲಿಲ್ಲ. ಸಿಟಿ ಅಭಿಮಾನಿ ಇದನ್ನೇ ಹಿಡಿದು "ಅಮೆರಿಕದ ನಾಟಕದಿಂದ ಎರವಲು ತಂದವರು" ಅಂತ ಕಾಲೆಳೆಯುತ್ತಿದ್ದ. ಆದರೆ ಸಿಟಿಯವರ ಹಾಡು 'ಬ್ಲೂ ಮೂನ್' 1934ರದು. ಅದರ ರಾಗ ಹಾಕಿದವರು ರಿಚರ್ಡ್ ರಾಜರ್ಸ್. ಲಿವರ್‌ಪೂಲಿನವರ ಹಾಡಿಗೆ ರಾಗ ಹಾಕಿದವರೂ ಅವರೇ! ನ್ಯೂಯಾರ್ಕಿನ ಒಬ್ಬ ಸಂಗೀತಗಾರನ ಎರಡು ರಾಗಗಳನ್ನು ಇಟ್ಟುಕೊಂಡು ಎರಡು ಊರು ಒಂದನ್ನೊಂದು ಹಂಗಿಸುತ್ತವೆ. ಈ ವಿಷಯ ಮೇಜಿನ ಮೇಲೆ ಇಟ್ಟ ದಿನ ಎರಡೂ ಟೀಮಿನವರು ಸೇರಿ ನನ್ನ ಮೇಲೆ ಬಿದ್ದರು. ಅದು ಬೇರೆ ಮಾತು.

ಶೆಫೀಲ್ಡ್ ಯುನೈಟೆಡ್ ಅಭಿಮಾನಿಗಳು ತಮ್ಮೂರಿನ ಬಿಯರು, ಚಿಪ್ಸ್ ತುಂಬಿದ ಬ್ರೆಡ್ಡನ್ನು ಹೊಗಳಿ ಹಾಡುವ ಹಾಡಿನ ರಾಗ ಅಮೆರಿಕದ ಜಾನ್ ಡೆನ್ವರ್‌ ಅವರದು. ಲಂಡನ್ನಿನ ವೆಸ್ಟ್ ಹ್ಯಾಮ್ ಟೀಮಿನವರು ಹಾಡುವ ಸೋಪಿನ ಗುಳ್ಳೆಗಳ ಹಾಡೂ ಅಮೆರಿಕದಿಂದ ಬಂದಿದ್ದೇ. ಲೀಡ್ಸ್ ಹುಡುಗಿಯ ಪ್ರೀತಿಯ ಬ್ಯಾಂಡ್ ಕೈಸರ್ ಚೀಫ್ಸ್. ಆ ಹೆಸರು ಸಿಕ್ಕಿದ್ದು ದಕ್ಷಿಣ ಆಫ್ರಿಕದ ಕ್ಲಬ್ಬೊಂದರಿಂದ. ಲೀಡ್ಸ್ ನಾಯಕನಾಗಿದ್ದ ಲೂಕಸ್ ರಡೇಬೆ ಇಂಗ್ಲೆಂಡಿಗೆ ಬರುವ ಮುಂಚೆ ಆಡುತ್ತಿದ್ದದ್ದು ಅಲ್ಲಿ. ಒಬ್ಬ ಆಟಗಾರನ ಮೇಲಿನ ಪ್ರೀತಿಗೆ ಯಾರ್ಕ್‌ಷೈರಿನ ಹುಡುಗರು ಜೊಹಾನ್ಸ್‌ಬರ್ಗಿನ ಕ್ಲಬ್ಬಿನ ಹೆಸರು ಇಟ್ಟುಕೊಂಡರು. ಫುಟ್‌ಬಾಲ್ ಮತ್ತು ಬ್ಯಾಂಡು ಸೇರಿದ ಕಥೆಗಳಲ್ಲಿ ನನಗೆ ಇದರಷ್ಟು ಖುಷಿ ಕೊಟ್ಟದ್ದು ಕಡಿಮೆ.

ಇನ್ನು ಲಿವರ್‌ಪೂಲಿನ ವಿಷಯ ಬಂದರೆ ತಮಾಷೆಯ ಮಿತಿಯೂ ಬರುತ್ತದೆ. ಬೀಟಲ್ಸ್ ಹೆಸರಿನಲ್ಲಿ ಎಷ್ಟು ಬೇಕಾದರೂ ಕಿಚಾಯಿಸಬಹುದು. ಅವರಿಗೆ ಫುಟ್‌ಬಾಲಿನ ಹುಚ್ಚು ಅಷ್ಟಾಗಿ ಇರಲಿಲ್ಲ. 1967ರ ಅವರ ಪ್ರಸಿದ್ಧ ಆಲ್ಬಮ್ಮಿನ ಮುಖಪುಟದ ಗುಂಪಿನಲ್ಲಿ ಆಲ್ಬರ್ಟ್ ಸ್ಟಬಿನ್ಸ್ ಅನ್ನೋ ಲಿವರ್‌ಪೂಲ್ ಆಟಗಾರನ ಮುಖ ಇದೆ, ಅಷ್ಟೇ. ಆದರೆ 1989ರಲ್ಲಿ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿನ ದುರಂತದಲ್ಲಿ ಸತ್ತ 97 ಲಿವರ್‌ಪೂಲ್ ಅಭಿಮಾನಿಗಳ ಬಗ್ಗೆ ಎದುರಾಳಿ ಅಭಿಮಾನಿಗಳು ಕೂಗುವುದು, 1958ರ ಮ್ಯೂನಿಕ್ ವಿಮಾನ ಅಪಘಾತದಲ್ಲಿ ಸತ್ತ ಯುನೈಟೆಡ್ ಆಟಗಾರರ ಬಗ್ಗೆ ಕೂಗುವುದು, ಇದು ತಮಾಷೆ ಅಲ್ಲ. ಹಾಗೇ 1984-85ರ ಗಣಿ ಮುಷ್ಕರ. ಆಗ ನಾಟಿಂಗ್‌ಹ್ಯಾಮ್‌ಷೈರಿನ ಹೆಚ್ಚಿನ ಗಣಿ ಕಾರ್ಮಿಕರು ಕೆಲಸಕ್ಕೆ ಹೋದರು, ಯಾರ್ಕ್‌ಷೈರಿನವರು ಮುಷ್ಕರದಲ್ಲಿ ಉಳಿದರು. ಇವತ್ತಿಗೂ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅಭಿಮಾನಿಗಳಿಗೆ ಮುಷ್ಕರ ಮುರಿದವರು ಅನ್ನೋ ಬೈಗುಳ ಕೇಳಬೇಕಾಗುತ್ತದೆ. ಆಗ ಹುಟ್ಟಿಯೇ ಇರದ ಹುಡುಗರೂ ಕೂಗುತ್ತಾರೆ. ನಮ್ಮ ಮೇಜಿನಲ್ಲಿ ಈ ಮೂರು ವಿಷಯ ಯಾರೂ ಎತ್ತುತ್ತಿರಲಿಲ್ಲ. ಯಾರೂ ನಿಯಮ ಮಾಡಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವರ ಮೇಲೆ ನನಗೆ ಗೌರವ ಹೆಚ್ಚಾದದ್ದು ಅದಕ್ಕೇ.

ಒಂದು ಹಾಡು ಊರಿನದು ಆಗುವುದು ಹೇಗೆ ಅನ್ನೋದನ್ನು ನೋಡಬೇಕಾದರೆ ಸ್ಕಾಟ್‌ಲೆಂಡಿನ ಲೀತ್ ನೋಡಬೇಕು. ಎಡಿನ್‌ಬರೋ ಪಕ್ಕದ ಬಂದರು. 1920ರಲ್ಲಿ ಅದನ್ನು ಎಡಿನ್‌ಬರೋಗೆ ಸೇರಿಸಿದರು. ಊರಿನವರನ್ನು ಕೇಳಿದಾಗ ಬಹುಪಾಲು ಜನ ಬೇಡ ಅಂದಿದ್ದರು, ಆದರೂ ಸೇರಿಸಿದರು. ಲೀತ್‌ನ ಟೀಮ್ ಹಿಬರ್ನಿಯನ್, ಜನರ ಬಾಯಲ್ಲಿ ಹಿಬ್ಸ್. ಹಿಬ್ಸ್ ಅಭಿಮಾನಿಗಳಾದ ಅವಳಿ ಸೋದರರು, ದಿ ಪ್ರೊಕ್ಲೇಮರ್ಸ್, 1988ರಲ್ಲಿ ಒಂದು ಪ್ರೀತಿಯ ಹಾಡು ಮಾಡಿದರು. 'ಸನ್‌ಶೈನ್ ಆನ್ ಲೀತ್'. ಅದರಲ್ಲಿ ಫುಟ್‌ಬಾಲ್ ಇಲ್ಲವೇ ಇಲ್ಲ. 2016ರ ಮೇ 21ರಂದು ಹಿಬ್ಸ್ ರೇಂಜರ್ಸನ್ನು 3-2ರಿಂದ ಸೋಲಿಸಿ ಸ್ಕಾಟಿಷ್ ಕಪ್ ಗೆದ್ದಿತು. 1902ರ ನಂತರ ಮೊದಲ ಸಲ. ನೂರಾ ಹದಿನಾಲ್ಕು ವರ್ಷ ಎದುರಾಳಿಗಳ ಗೇಲಿ ತಿಂದ ಕ್ಲಬ್ಬು ಅದು. ಕೊನೆಯ ಗೋಲು ಬಂದದ್ದು ಹೆಚ್ಚುವರಿ ನಿಮಿಷಗಳಲ್ಲಿ, ನಾಯಕ ಡೇವಿಡ್ ಗ್ರೇ ತಲೆಯಿಂದ. ಆಮೇಲೆ ಗ್ಯಾಲರಿಯಲ್ಲಿ ಇಡೀ ಹಸಿರು ಜನಸಾಗರ ಆ ಹಾಡನ್ನು ಹಾಡಿತು. ವಿಡಿಯೋ ಇದೆ, ಹುಡುಕಿ ನೋಡಿ. ವಯಸ್ಸಾದ ಗಂಡಸರು ಬಾಯಿ ತೆರೆದು ಹಾಡುತ್ತಾ ಅಳುತ್ತಾರೆ. ಅವರಿಗೆ ತಮ್ಮ ಊರಿನ ಹೆಸರನ್ನು ಅಷ್ಟು ಜೋರಾಗಿ ಹೇಳಲು ಬೇರೆ ಯಾರೂ ಅವಕಾಶ ಕೊಟ್ಟಿರಲಿಲ್ಲ ಅನ್ನಿಸುತ್ತದೆ.

ಕೊವೆಂಟ್ರಿಯ ಗೆಳೆಯನ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. ಅವನ ಅಪ್ಪ ಅಮ್ಮ ಪಂಜಾಬಿನಿಂದ ಹೋದವರು. ಕಾರು ಕಾರ್ಖಾನೆಗಳ ಊರು ಕೊವೆಂಟ್ರಿ, ಕೆಲಸ ಹುಡುಕಿ ಎಲ್ಲೆಲ್ಲಿಂದಲೋ ಜನ ಬಂದು ಕಟ್ಟಿದ ಊರು. 1979ರಲ್ಲಿ ಜೆರಿ ಡ್ಯಾಮರ್ಸ್ ಅಲ್ಲಿ ಟೂ ಟೋನ್ ಅನ್ನೋ ರೆಕಾರ್ಡ್ ಕಂಪನಿ ಶುರು ಮಾಡಿದರು. ಗುರುತು ಕಪ್ಪು ಬಿಳುಪು ಚೌಕಗಳು. ಅವರ ಬ್ಯಾಂಡ್ ದಿ ಸ್ಪೆಷಲ್ಸ್‌ನಲ್ಲಿ ಕೊವೆಂಟ್ರಿಯ ಬಿಳಿಯ ಹುಡುಗರ ಜೊತೆ ಜಮೈಕದಲ್ಲಿ ಹುಟ್ಟಿದ ನೆವಿಲ್ ಸ್ಟೇಪಲ್, ಲಿನ್‌ವಲ್ ಗೋಲ್ಡಿಂಗ್ ಇದ್ದರು. ಜಮೈಕದ ಸ್ಕಾ ಸಂಗೀತಕ್ಕೆ ಕೊವೆಂಟ್ರಿಯ ಸಿಟ್ಟು ಸೇರಿಸಿದ ಹಾಡುಗಳು. 1981ರಲ್ಲಿ ಆ ಊರಿನಲ್ಲಿ ಪಂಜಾಬಿ ಮೂಲದ ವಿದ್ಯಾರ್ಥಿಯೊಬ್ಬನನ್ನು ಕೊಂದಾಗ ಸ್ಪೆಷಲ್ಸ್ ಜನಾಂಗ ದ್ವೇಷದ ವಿರುದ್ಧ ಅಲ್ಲೇ ಹಾಡಿದರು. ಅದೇ ಬೇಸಿಗೆಯಲ್ಲಿ 'ಘೋಸ್ಟ್ ಟೌನ್' ದೇಶದ ಮೊದಲ ಸ್ಥಾನಕ್ಕೆ ಬಂತು. ಕಾರ್ಖಾನೆಗಳು ಮುಚ್ಚುತ್ತಿದ್ದ ಊರುಗಳ ಹಾಡು ಅದು. ನನ್ನ ಗೆಳೆಯನ ಅಪ್ಪನ ಹತ್ತಿರ ಆ ರೆಕಾರ್ಡ್ ಇತ್ತಂತೆ.

ಟೂ ಟೋನ್‌ಗೆ ನಲವತ್ತು ವರ್ಷ ತುಂಬಿದಾಗ ಕೊವೆಂಟ್ರಿ ಸಿಟಿ ಕ್ಲಬ್ಬು ಅದರ ನೆನಪಿಗೆ ಕಪ್ಪು ಬಿಳುಪು ಅಂಗಿ ಮಾಡಿಸಿತು. ಆಗ ಕ್ಲಬ್ಬಿಗೆ ಆಡಲು ಸ್ವಂತ ಊರಿನಲ್ಲಿ ಜಾಗವೂ ಇರಲಿಲ್ಲ. ಮೈದಾನದ ಜಗಳದಿಂದ ಒಮ್ಮೆ ನಾರ್ತಾಂಪ್ಟನ್ನಿನಲ್ಲಿ, ಇನ್ನೊಮ್ಮೆ ಬರ್ಮಿಂಗ್‌ಹ್ಯಾಮಿನಲ್ಲಿ ಹೋಮ್ ಮ್ಯಾಚ್ ಆಡಿದ ಕ್ಲಬ್ಬು ಅದು. 2017ರಲ್ಲಿ ನಾಲ್ಕನೇ ಡಿವಿಷನ್ನಿಗೂ ಬಿದ್ದಿತ್ತು. ಗೆಳೆಯ ಆ ಅಂಗಿಯನ್ನು ಕೆಲಸಕ್ಕೂ ಹಾಕಿಕೊಂಡು ಬರುತ್ತಿದ್ದ.

ಒಂದು ದಿನ ಹೊಸದಾಗಿ ಸೇರಿದವರೊಬ್ಬರು ಅವನನ್ನು ನಿನ್ನ ಊರು ಯಾವುದು ಅಂತ ಕೇಳಿದರು. ಕೊವೆಂಟ್ರಿ ಅಂದ. "ಅದಲ್ಲ, ನಿಜವಾಗಿ ಎಲ್ಲಿಯವನು?" ಅಂತ ಮತ್ತೆ ಕೇಳಿದರು. ಬಣ್ಣ ನೋಡಿ ಕೇಳುವ ಆ ಪ್ರಶ್ನೆ ನನಗೂ ಚೆನ್ನಾಗಿ ಗೊತ್ತು. ಅವನು ಬಾಯಿ ತೆಗೆಯುವ ಮೊದಲೇ ಲೀಡ್ಸ್ ಹುಡುಗಿ ನಡುವೆ ಬಂದಳು. "ನಿಜವಾಗಿಯೂ ಕೊವೆಂಟ್ರಿಯವನೇ. ಸ್ವಂತ ಮೈದಾನ ಇಲ್ಲ, 1987ರ ನಂತರ ಒಂದು ದೊಡ್ಡ ಕಪ್ ಇಲ್ಲ. ಇಷ್ಟು ಕಷ್ಟ ಬೇರೆ ಯಾವ ಊರಿನವನು ಪಡುತ್ತಾನೆ?" ಶೆಫೀಲ್ಡಿನವನು ತನಗಿಂತ ಹಳೆಯ ದುಃಖ ಇಲ್ಲ ಅಂತ ತಕರಾರು ತೆಗೆದ. ಗೆಳೆಯ ಕುರ್ಚಿ ಮುಂದಕ್ಕೆ ಎಳೆದುಕೊಂಡು ಸ್ಪೆಷಲ್ಸ್ ಮುಂದೆ ನಿಮ್ಮ ಕೈಸರ್ ಚೀಫ್ಸ್ ಏನೂ ಅಲ್ಲ ಅಂತ ಶುರುಮಾಡಿದ. ಆಮೇಲೆ 1987ರ ಎಫ್‌ಎ ಕಪ್ ಫೈನಲ್‌ನಲ್ಲಿ ಟಾಟನ್‌ಹ್ಯಾಮ್ ವಿರುದ್ಧ 3-2ರಿಂದ ಗೆದ್ದದ್ದನ್ನು ಗೋಲು ಗೋಲಾಗಿ ವಿವರಿಸಿದ. ಊಟದ ಸಮಯ ಮುಗಿದರೂ ಮೂರನೇ ಗೋಲು ಇನ್ನೂ ಬಂದಿರಲಿಲ್ಲ.